ರಾಜಾಬಿಯ ಬೋರ್ಡು, ನನ್ನ ಪುಕ್ಕಟೆ ಸಾಫ್ಟ್‌ವೇರು

ಜೀನ್ಸ್ ಪ್ಯಾಂಟು ಹಾಕಿಕೊಂಡವರು ತಮ್ಮ ಹಿಂದಿನ ಜೇಬನ್ನು ತಾವು ನೋಡಿಕೊಳ್ಳುವುದು ಕಡಿಮೆ. ಅದು ಹಿಂದೆ ನಿಂತವರಿಗೆ ಕಾಣುವ ಅಲಂಕಾರ. ಆ ಜೇಬಿನ ಮೇಲೆ ಹದ್ದು, ಬಾಣ, ಬಳ್ಳಿ, ಮೀನು ಹೀಗೆ ಏನಾದರೊಂದು ಇರುತ್ತದಲ್ಲ, ಅದನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಹೊಲಿಗೆಯಾಗಿ ಕೂರಿಸುವುದು ನನ್ನ ಕೆಲಸವಾಗಿತ್ತು. ನಮ್ಮ ಬಳ್ಳಾರಿಯ ಜೀನ್ಸ್ ಯೂನಿಟ್ಟುಗಳಲ್ಲಿ ಅದಕ್ಕೆ ಪಂಚಿಂಗ್ ಅನ್ನುತ್ತಾರೆ. ಈಗ ಕಲಿಯಲು ಬರುವ ಹುಡುಗಿಯರು ನನ್ನನ್ನು ದಾರಿಯಲ್ಲಿ ಕಂಡರೆ ಕೇಳುತ್ತಾರೆ: "ಆಂಟಿ, ಈ ಕೆಲಸ ಕಷ್ಟ ಐತೇನ್ರಿ?"

"ಕೆಲಸ ಕಷ್ಟ ಇಲ್ಲವ್ವಾ. ಕುಂದ್ರೋದು ಕಷ್ಟ," ಅನ್ನುತ್ತೇನೆ. ಅವರು ಬೆನ್ನುನೋವಿನ ಮಾತು ಅಂದುಕೊಂಡು ತಲೆಯಾಡಿಸಿ ಹೋಗುತ್ತಾರೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಊರು ಕುರುಗೋಡು. ಅವ್ವ ಮತ್ತು ನಾನು, ಇಬ್ಬರೇ. ಹೊಲಿಗೆ ಕಲಿತಿದ್ದೆ, ಆಮೇಲೆ ಬಳ್ಳಾರಿಗೆ ಓಡಾಡಿ ಕಂಪ್ಯೂಟರ್ ಕಲಿತೆ. ಎರಡೂ ಬಲ್ಲವರು ಆಗ ಕಡಿಮೆ ಇದ್ದರು. ಎಂಬ್ರಾಯಿಡರಿ ಮಷಿನ್ ಹೊಸದಾಗಿ ತರಿಸಿದ್ದ ಒಂದು ಯೂನಿಟ್ಟಿನ ಸಾವ್ಕಾರ್ರು ನನ್ನನ್ನು ಕರೆದು ಕೂರಿಸಿದರು. ಕೆಳಗೆ ಹೊಲಿಗೆಯ ಶೆಡ್ಡು, ಮೇಲೆ ಒಂದೇ ಕೋಣೆ. ಕಂಪ್ಯೂಟರಿಗೆ ಬಿಸಿ ತಾಗಬಾರದೆಂದು ಆ ಕೋಣೆಗೆ ಮಾತ್ರ ಎ.ಸಿ. ಹಾಕಿಸಿದ್ದರು. ಬಳ್ಳಾರಿಯ ಬೇಸಿಗೆಯಲ್ಲಿ ಕೆಳಗಿನ ಹೆಣ್ಣುಮಕ್ಕಳು ಬೆವರು ಒರೆಸಿಕೊಳ್ಳುತ್ತ ಹೊಲಿಯುವಾಗ ನಾನು ಮೇಲೆ ಶಾಲು ಹೊದ್ದು ಕೂತಿರುತ್ತಿದ್ದೆ. ಅವರು ನನ್ನನ್ನು 'ಫ್ರಿಜ್ಜಿನಾಗಿನ ಹಂಪಮ್ಮ' ಅಂತ ಕರೆಯುತ್ತಿದ್ದರು. ನಗುತ್ತಲೇ ಕರೆಯುತ್ತಿದ್ದರು. ಆದರೆ ಅವರು ಊಟಕ್ಕೆ ಕೂತಾಗ ನಾನು ಹೋದರೆ ಮಾತು ನಿಲ್ಲುತ್ತಿತ್ತು.

ಆ ಫ್ರಿಜ್ಜಿನಲ್ಲಿ ನನ್ನ ಜೊತೆ ಇದ್ದವಳು ರಾಜಾಬಿ ಅಕ್ಕ. ಸಿರುಗುಪ್ಪದ ಕಡೆಯವಳು. ಗಂಡ ಬಿಟ್ಟುಹೋದ ಮೇಲೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡಿದ್ದಳು. ಅವಳ ಕೆಲಸ ಏನೆಂದು ತಿಳಿಯಬೇಕಾದರೆ ನಮ್ಮ ಫೈಲುಗಳ ಕಥೆ ಹೇಳಬೇಕು.

ಎಂಬ್ರಾಯಿಡರಿಯ ಫೈಲು ಫೋಟೋದಂಥದಲ್ಲ. ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಜಿಗಿಯಬೇಕು ಅನ್ನುವುದಷ್ಟೇ ಅದರೊಳಗೆ ಇರುತ್ತದೆ. ಕಂಪ್ಯೂಟರಿನ ಜೊತೆಗೇ ಬರುವ, ಫೋಲ್ಡರ್ ತೆರೆದು ತೋರಿಸುವ ಕಿಟಕಿ ಇದೆಯಲ್ಲ, ಅದಕ್ಕೆ ಇದು ಅರ್ಥವಾಗುವುದಿಲ್ಲ. ಮದುವೆಯ ಫೋಟೋ ಇಟ್ಟರೆ ಸಣ್ಣ ಚಿತ್ರ ತೋರಿಸುತ್ತದೆ. ನಮ್ಮ ಹದ್ದನ್ನು ಇಟ್ಟರೆ ಬರೀ ಬಿಳಿ ಹಾಳೆಯ ಗುರುತು. ಫೋಲ್ಡರ್ ತುಂಬ ಬಿಳಿ ಹಾಳೆ, ಅವುಗಳ ಕೆಳಗೆ ಮೊಟಕು ಹೆಸರು. ಆಗ ಡಿಸೈನು ಮಷಿನ್ನಿಗೆ ಹೋಗುತ್ತಿದ್ದುದು ಫ್ಲಾಪಿಯಲ್ಲಿ. ಉದ್ದ ಹೆಸರು ಕೊಟ್ಟರೆ ಮಷಿನ್ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಎರಡು ಜೇಬಿಗೆ ಒಂದೊಂದರಂತೆ ಹೋಗುವ ಹದ್ದಿನ ಬಲರೆಕ್ಕೆಯೂ ಎಡರೆಕ್ಕೆಯೂ ಒಂದಕ್ಷರದ ಅಂತರದಲ್ಲಿ ಬದುಕುತ್ತಿದ್ದವು. ಯಾವುದರೊಳಗೆ ಏನಿದೆ ಎಂದು ನೋಡಲು ಪಂಚಿಂಗ್ ಸಾಫ್ಟ್‌ವೇರಿನಲ್ಲಿ ಒಂದೊಂದನ್ನೇ ತೆರೆಯಬೇಕು. ಒಂದು ತೆರೆಯುವಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತು.

ಅದಕ್ಕೆ ರಾಜಾಬಿಯ ಬೋರ್ಡು. ಪ್ರತಿ ಹೊಸ ಡಿಸೈನಿನ ಮೊದಲ ತುಂಡು ಅವಳ ಕೈಗೆ ಬರುತ್ತಿತ್ತು. ದಾರದ ಕೊನೆ ಕತ್ತರಿಸಿ, ಬಟ್ಟೆಯನ್ನು ಗೋಡೆಯ ಬೋರ್ಡಿಗೆ ಪಿನ್ನು ಹೊಡೆದು, ಕೆಳಗೆ ಫೈಲಿನ ಹೆಸರು ಬರೆಯುತ್ತಿದ್ದಳು. ವ್ಯಾಪಾರಿ ಬಂದು, "ಹೋದ ದೀಪಾವಳ್ಯಾಗ ಒಂದು ಬಾಣದ್ದು ಮಾಡಿದ್ರಲ್ಲ, ಅದು ಬೇಕ್ರಿ," ಅಂದರೆ ರಾಜಾಬಿ ಸ್ಟೂಲು ಹತ್ತಿ ಬೋರ್ಡಿನ ಮುಂದೆ ನಿಲ್ಲುತ್ತಿದ್ದಳು. ನಾಲ್ಕೂ ಗೋಡೆ ಅವಳವೇ. ಹುಡುಕುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಈ ಮೀನು ನೋಡಲೇ ಹಂಪಿ. ನೀನು ಬಂದ ಹೊಸದ್ರಾಗ ಮಾಡಿದ್ದು. ಮೀನೋ ಬದ್ನಿಕಾಯೋ ಅಂತ ಸಾವ್ಕಾರ್ರು ಕೇಳಿದ್ರಲ್ಲ!"

"ಸಾಕು ಬಿಡಕ್ಕಾ, ಎಷ್ಟು ಸಲ ಹೇಳ್ತಿ."

"ಬದ್ನಿಕಾಯಿಗೆ ಬಾಲ ಇರ್ತದೇನ್ರಿ ಅಂತ ನಾನ ಅಂದೆ. ನೀ ಅಳಾಕ ನಿಂತಿದ್ದಿ."

ಮಧ್ಯಾಹ್ನ ನನ್ನ ರೊಟ್ಟಿ, ಅವಳ ಅನ್ನ ಹಂಚಿಕೊಂಡು ತಿನ್ನುತ್ತಿದ್ದೆವು. ಅವ್ವ ತೀರಿಕೊಂಡಾಗ ಕುರುಗೋಡಿಗೆ ಬಂದು ಮೂರು ದಿನ ನನ್ನ ಮನೆಯಲ್ಲಿ ಒಲೆ ಹಚ್ಚಿದವಳು ಅವಳೇ. ಆಮೇಲೆ ನನಗೆ ಮನೆಗಿಂತ ಆ ಕೋಣೆಯಲ್ಲೇ ಜೀವ ಹಗುರ ಅನ್ನಿಸುತ್ತಿತ್ತು.

ಒಂದು ಸೀಸನ್ನಿನಲ್ಲಿ ದೊಡ್ಡ ಎಡವಟ್ಟಾಯಿತು. ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂದ ಕಾಲ. ಪೆನ್‌ಡ್ರೈವಿನಲ್ಲಿ ಜಾಗ ಹೆಚ್ಚು, ಹಾಗಾಗಿ ಎಲ್ಲರೂ ಎಲ್ಲವನ್ನೂ ತುಂಬಿಕೊಂಡಿದ್ದರು. ಮಷಿನ್ ನಡೆಸುವವನು ಹೆಸರು ನೋಡಿ ಫೈಲು ಆರಿಸಿದ. ಒಂದಕ್ಷರ ತಪ್ಪಿತು. ಎಡಜೇಬಿಗೆ ಬಳ್ಳಿ, ಬಲಜೇಬಿಗೆ ಹದ್ದಿನ ಬಲರೆಕ್ಕೆ. ಪೂರ್ತಿ ಲಾಟು ಹೊಲಿದು ಮುಗಿಯುವ ತನಕ ಯಾರೂ ಎರಡು ಜೇಬನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಸಾವ್ಕಾರ್ರು ಎರಡೂ ಜೇಬು ಹಿಡಿದುಕೊಂಡು ಮೇಲೆ ಬಂದರು. ಅವರು ಕೂಗಾಡುವ ಮನುಷ್ಯನಲ್ಲ. ಮೆಲ್ಲಗೆ ಮಾತಾಡಿದರೇ ಹೆದರಿಕೆ.

"ಹಂಪಮ್ಮ, ಫೈಲಿನಾಗ ಏನೈತಿ ಅಂತ ಆ ಹುಡುಗಗ ಕಾಣಲ್ಲ. ನಿನಗೂ ಕಾಣಲ್ಲ. ಕಣ್ಣು ಕಟ್ಟಿ ಬಾವ್ಯಾಗ ಇಳಿದಂಗ ಆತಲ್ಲ. ಇದಕ್ಕ ಏನರ ದಾರಿ ನೋಡು."

ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದ ಶಿವಕುಮಾರ ದಾರಿ ತೋರಿಸಿದ. ಇಂಟರ್‌ನೆಟ್ಟಿನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಇದೆ, ಅದು ಬೇರೆ ಕಿಟಕಿ ತೆರೆಯುವುದಿಲ್ಲ, ಇರುವ ಫೋಲ್ಡರಿನ ಕಿಟಕಿಗೇ ಎಂಬ್ರಾಯಿಡರಿ ಓದುವುದನ್ನು ಕಲಿಸುತ್ತದೆ, ಅಂದ.

"ಎಷ್ಟಂತಪಾ?" ಅಂತ ರಾಜಾಬಿ ಕೇಳಿದಳು.

"ಪುಕ್ಕಟೆ ಅಕ್ಕಾ."

"ಪುಕ್ಕಟೆ ಕೊಡಾಕ ಅವಗ ಏನು ಹುಚ್ಚೇನು?"

ನನಗೂ ಅದೇ ಅನುಮಾನ. ವೈರಸ್ ಹೊಕ್ಕು ವರ್ಷಗಳ ಕೆಲಸ ತಿಂದರೆ? ಎಲ್ಲ ಫೈಲುಗಳನ್ನೂ ಸಿ.ಡಿ.ಗೆ ಇಳಿಸಿಕೊಂಡ ಮೇಲೆಯೇ ಹಾಕಲು ಬಿಟ್ಟೆ. ಹೊಸದಾಗಿ ಕೆಲಸಕ್ಕೆ ಬಂದವರೇ, ಪುಕ್ಕಟೆ ಎಂದು ಹೆದರಬೇಡಿ, ಪುಕ್ಕಟೆ ಎಂದು ಹಾರಲೂ ಬೇಡಿ. ಮೊದಲು ಇನ್ನೊಂದು ಪ್ರತಿ ತೆಗೆದಿಡಿ.

ಶಿವಕುಮಾರ ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ನಾನು ಫೋಲ್ಡರ್ ತೆರೆದೆ. ಮೊದಲು ಎಂದಿನಂತೆ ಬಿಳಿ ಹಾಳೆಗಳು. ಆಮೇಲೆ ಮೇಲಿನ ಸಾಲಿನಿಂದ ಒಂದೊಂದೇ ಹಾಳೆ ಚಿತ್ರವಾಗತೊಡಗಿತು. ಬಾಣ, ಬಳ್ಳಿ, ಹದ್ದು, ಚಂದ್ರ, ಕುದುರೆಯ ತಲೆ. ರಾಜಾಬಿ ನನ್ನ ಕುರ್ಚಿಯ ಹಿಂದೆ ನಿಂತು ನನ್ನ ಭುಜ ಹಿಡಿದುಕೊಂಡಿದ್ದಳು.

"ಯಾ ಅಲ್ಲಾ... ನನ್ನ ಬೋರ್ಡು ಒಳಗ ಹೊಕ್ಕೈತಲ್ಲೇ!"

ಅವತ್ತು ಮಧ್ಯಾಹ್ನವೆಲ್ಲ ನಾವು ಕೆಲಸ ಮಾಡಲಿಲ್ಲ. ಕೆಳಗೆ ಎಳೆಯುತ್ತ ಹೋದೆವು, ನೋಡುತ್ತ ಹೋದೆವು. ಬೋರ್ಡಿನಲ್ಲಿ ಬಣ್ಣ ಮಾಸಿಹೋಗಿದ್ದ ಡಿಸೈನುಗಳು ಇಲ್ಲಿ ಹೊಸದಾಗಿ ಕಂಡವು. ಮೀನು ಬಂದಾಗ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಇನ್ನ ಸ್ಟೂಲು ಹತ್ತೋದು ತಪ್ಪಿತವ್ವಾ. ನನ್ನ ಮೊಣಕಾಲಿಗೆ ಆ ಪುಣ್ಯಾತ್ಮ ಯಾವನೋ ದವಾ ಕಳ್ಸ್ಯಾನ," ಅಂದಳು.

ಸಾವ್ಕಾರ್ರು ಸಂಜೆ ಬಂದು ನೋಡಿದರು. ಸ್ಕ್ರೀನು ನೋಡಿದರು, ಗೋಡೆ ನೋಡಿದರು. ಹಾಗೇ ಕೆಳಗಿಳಿದು ಹೋದರು.

ಮುಂದಿನ ವಾರ ರಾಜಾಬಿಯನ್ನು ಕೆಳಗೆ, ಹೊಲಿದ ಪ್ಯಾಂಟಿನ ದಾರ ಕತ್ತರಿಸುವ ಜಾಗಕ್ಕೆ ಹಾಕಿದರು. ಪಗಾರ ಅಷ್ಟೇ ಇತ್ತು, ಅದನ್ನು ಹೇಳಲೇಬೇಕು. ಬೋರ್ಡುಗಳನ್ನು ಬಿಚ್ಚಿ ಒಯ್ದರು. ಗೋಡೆಯ ಮೇಲೆ ಅವು ಇದ್ದ ಜಾಗ ಮಾತ್ರ ಬಿಳುಪಾಗಿ ಉಳಿಯಿತು.

ನಾನು ಸಾವ್ಕಾರ್ರ ಹತ್ತಿರ ಹೋದೆ. "ಚಿತ್ರ ಕಾಣತೈತ್ರಿ. ಆದ್ರ ಯಾವ ಡಿಸೈನು ತೆಳು ಬಟ್ಟಿ ಮ್ಯಾಲೆ ಸುಕ್ಕು ಬೀಳತೈತಿ, ಯಾವುದಕ್ಕ ಕೆಳಗ ಎರಡು ಪದರ ಪೇಪರ್ ಹಾಕಬೇಕು, ಅದೆಲ್ಲ ರಾಜಾಬಿಗೇ ಗೊತ್ತ್ರಿ."

"ಅದನ್ನೂ ಕಂಪ್ಯೂಟರ್ನಾಗ ಬರ್ಕೋ," ಅಂದರು. ಸಿಟ್ಟಿನಿಂದಲ್ಲ. ಅವರಿಗೆ ಅದು ಸರಳ ಮಾತು.

ಅದಕ್ಕೂ ಒಂದು ಪುಕ್ಕಟೆ ಸಾಫ್ಟ್‌ವೇರ್ ಸಿಕ್ಕಿತು. ಫೋಲ್ಡರಿನ ಕಿಟಕಿಯಲ್ಲಿ ಫೈಲಿನ ಹೆಸರಿನ ಪಕ್ಕ ಇನ್ನೊಂದು ಕಾಲಮ್ಮು ತೆರೆದು, ನಮಗೆ ಬೇಕಾದ ಟಿಪ್ಪಣಿ ಬರೆದುಕೊಳ್ಳಬಹುದು. ಚಹಾದ ಹೊತ್ತಿಗೆ ಕೆಳಗೆ ಹೋಗಿ ರಾಜಾಬಿಯ ಪಕ್ಕ ಕೂರುತ್ತಿದ್ದೆ. ಅವಳು ದಾರ ಕತ್ತರಿಸುತ್ತಲೇ ಹೇಳುತ್ತಿದ್ದಳು, ನಾನು ಚೀಟಿಯಲ್ಲಿ ಗುರುತು ಹಾಕಿಕೊಂಡು ಬಂದು ಮೇಲೆ ಟೈಪ್ ಮಾಡುತ್ತಿದ್ದೆ. ಇಷ್ಟೆಲ್ಲ ಬಲ್ಲವಳು ಎಂದು ಕಂಡರೆ ಸಾವ್ಕಾರ್ರು ಅವಳನ್ನು ಮತ್ತೆ ಮೇಲೆ ಕಳಿಸಬಹುದು ಎಂದು ನನಗೆ ಆಸೆಯಿತ್ತು. ಆದದ್ದು ಬೇರೆ. ಟಿಪ್ಪಣಿ ತುಂಬಿದಂತೆಲ್ಲ ಅವಳನ್ನು ಕೇಳಬೇಕಾದ ಪ್ರಶ್ನೆ ಕಡಿಮೆಯಾದವು. ಕಡೆಗೊಂದು ದಿನ ಕೇಳಲು ಏನೂ ಉಳಿಯಲಿಲ್ಲ. ಆಮೇಲೆ ಶೆಡ್ಡಿನವರ ಚಹಾದ ಹೊತ್ತೂ ಬದಲಾಯಿತು. ನಾನು ಇಳಿದು ಹೋಗುವಷ್ಟರಲ್ಲಿ ಅವಳು ಮತ್ತೆ ಕತ್ತರಿ ಹಿಡಿದಿರುತ್ತಿದ್ದಳು. ಮೇಸ್ತ್ರಿಯ ಕಣ್ಣೆದುರು ಮಾತಾಡುವಂತಿರಲಿಲ್ಲ.

ಆ ವರ್ಷವೇ ಅವಳು ಕೆಲಸ ಬಿಟ್ಟು ಸಿರುಗುಪ್ಪಕ್ಕೆ ತಂಗಿಯ ಮನೆಗೆ ಹೋದಳು. ಹೋಗುವ ದಿನ ಮೇಲೆ ಬಂದು ಬಾಗಿಲಲ್ಲೇ ನಿಂತಳು. "ಎಷ್ಟು ಥಂಡಿ ಇಟ್ಕೊಂಡಿಯಲೇ," ಅಂದಳು. "ಬರ್ತೀನವ್ವಾ." ನಾನು ಎದ್ದು ಬರುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದಳು.

ಆಮೇಲಿನ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಣೆಯಲ್ಲಿ ನಾನು, ಎ.ಸಿ.ಯ ಸದ್ದು. ಮಾತಾಡಲು ಯಾರೂ ಇಲ್ಲದವಳಿಗೆ ಆ ಪುಕ್ಕಟೆ ಸಾಫ್ಟ್‌ವೇರುಗಳ ಹುಚ್ಚು ಹಿಡಿಯಿತು. ಒಂದೇ ಕಿಟಕಿಯಲ್ಲಿ ಹಲವು ಫೋಲ್ಡರುಗಳನ್ನು ಪಕ್ಕಪಕ್ಕ ತೆರೆದಿಡುವುದು ಒಂದು. ಫೋಲ್ಡರಿಗೆ ಬಣ್ಣ ಹಚ್ಚುವುದು ಒಂದು. ನಾನು ಎಡಜೇಬಿಗೆ ಹಸಿರು, ಬಲಜೇಬಿಗೆ ಕೆಂಪು ಮಾಡಿದೆ. ಮತ್ತೆ ಜೇಬು ತಪ್ಪಲಿಲ್ಲ. ನೂರಾರು ಫೈಲುಗಳ ಹೆಸರನ್ನು ಒಂದೇ ಸಲ ಬದಲಿಸುವುದು ಇನ್ನೊಂದು. ಅದನ್ನು ಮೊದಲ ಸಲ ಬಳಸಿದಾಗ ಎಲ್ಲ ಹದ್ದುಗಳೂ 'ಕುದುರೆ'ಯಾಗಿ, ಹಿಂದಕ್ಕೆ ತರಲು ಅರ್ಧ ದಿನ ಹೋಯಿತು. ಅಂಥದು ಕೈಗೆ ಸಿಕ್ಕಾಗ ಮೊದಲು ನಾಲ್ಕು ಫೈಲಿನ ಮೇಲೆ ಮಾಡಿ ನೋಡಿ.

ಚಿತ್ರ ತೋರಿಸುವ ಸಾಫ್ಟ್‌ವೇರ್ ಮಾಡಿದವನಿಗೆ ಒಮ್ಮೆ ಧನ್ಯವಾದ ಬರೆದೆ. ಇಂಗ್ಲಿಷು ಸರಿಮಾಡಿ ಕೊಟ್ಟವನು ಶಿವಕುಮಾರ. ಎಲ್ಲಿಯವನೋ, ಯಾವ ದೇಶವೋ, ಮರುದಿನವೇ ಉತ್ತರ ಬಂತು. ಅವನ ತಾಯಿ ಮನೆಯಲ್ಲಿ ಸಣ್ಣ ಎಂಬ್ರಾಯಿಡರಿ ಮಷಿನ್ ಇಟ್ಟುಕೊಂಡಿದ್ದಳಂತೆ, ಅವಳಿಗೆ ಹೂವು ಯಾವುದು, ಹಕ್ಕಿ ಯಾವುದು ಎಂದು ಗೊತ್ತಾಗಲೆಂದು ಮಾಡಿದನಂತೆ. ನಿಮ್ಮ ಊರಿನಲ್ಲಿ ಏನು ಹೊಲಿಯುತ್ತೀರಿ ಎಂದು ಕೇಳಿದ್ದ. ಜೀನ್ಸಿನ ಜೇಬು ಎಂದು ಬರೆದೆ. ಆ ವಾರ ನಾನು ಯಾರೊಡನೆಯಾದರೂ ಆಡಿದ ಮಾತುಗಳಲ್ಲಿ ಉದ್ದನೆಯದು ಅದೇ ಇರಬೇಕು.

ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ತಂದಾಗ ಎಲ್ಲ ಕೈಕೊಟ್ಟಿತು. ಡಿಸೈನುಗಳನ್ನೆಲ್ಲ ಹೊಸದಕ್ಕೆ ಇಳಿಸಿ, ಹಳೆಯದನ್ನು ಅಂಗಡಿಗೆ ಬದಲಿಯಾಗಿ ಕೊಟ್ಟಾಗಿತ್ತು. ಹೊಸ ಕಂಪ್ಯೂಟರಿಗೆ ಆ ಹಳೆಯ ಸಾಫ್ಟ್‌ವೇರ್ ಒಗ್ಗಲಿಲ್ಲ. ಮತ್ತೆ ಫೋಲ್ಡರ್ ತುಂಬ ಬಿಳಿ ಹಾಳೆ. ಅದಕ್ಕಿಂತ ದೊಡ್ಡ ಪೆಟ್ಟು ಟಿಪ್ಪಣಿಗಳದು. ಅವೆಲ್ಲ ಪ್ರತಿ ಫೋಲ್ಡರಿನಲ್ಲೂ ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ ಒಂದು ಫೈಲಿನಲ್ಲಿ ಇರುತ್ತವೆಂದು ನನಗೂ ಗೊತ್ತಿರಲಿಲ್ಲ, ಶಿವಕುಮಾರನಿಗೂ ಗೊತ್ತಿರಲಿಲ್ಲ. ಕಾಣುವ ಫೈಲು ಬಂದವು, ಕಾಣದ್ದು ಬರಲಿಲ್ಲ. ಹಿಂದೆ ಉತ್ತರ ಕೊಟ್ಟಿದ್ದ ಆ ಸಾಫ್ಟ್‌ವೇರಿನವನಿಗೆ ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಇಲ್ಲ.

ಹೈದರಾಬಾದಿನ ವ್ಯಾಪಾರಿ ಹಳೆಯ ಡಿಸೈನುಗಳನ್ನೇ ಕೇಳಿ ಕೂತಿದ್ದ. ಸಾವ್ಕಾರ್ರು ಮೇಲೆ ಬಂದು ಬರಿಗೋಡೆಯತ್ತ ನೋಡಿದರು. "ಆ ರಾಜಾಬಿ ಎಲ್ಲಿದಾಳ? ಹೋಗಿ ಕರ್ಕೊಂಡು ಬಾ. ಮೇಲೇ ಕುಂದ್ರಲಿ, ಮೊದ್ಲಿನಂಗ."

ಮರುದಿನ ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಭತ್ತದ ನಾಟಿ ನಡೆದಿತ್ತು. ದಾರಿಯುದ್ದಕ್ಕೂ ಅವಳು ಕೋಣೆಗೆ ವಾಪಸು ಬಂದು ಏನೇನು ಅನ್ನುತ್ತಾಳೆ ಎಂದು ನನ್ನೊಳಗೇ ಮಾತು ಹೆಣೆಯುತ್ತಿದ್ದೆ. ಆ ಸಂತೋಷದಲ್ಲಿ ನನಗೆ ವ್ಯಾಪಾರಿಯ ನೆನಪೇ ಇರಲಿಲ್ಲ.

ರಾಜಾಬಿ ತಂಗಿಯ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಲುಂಗಿ, ಪ್ಯಾಂಟಿನ ತುಂಡು ಕೂಡಿಸಿ ಹೊಲಿಯುವ ದಪ್ಪ ಹೊದಿಕೆ. ಊರಿನವರು ಬಟ್ಟೆ ತಂದುಕೊಟ್ಟು ಹೊಲಿಸಿಕೊಂಡು ಹೋಗುತ್ತಿದ್ದರು. ನನ್ನನ್ನು ಕಂಡು ಎದ್ದು ಅಪ್ಪಿಕೊಂಡಳು. ತಂಗಿಯಿಂದ ಮಂಡಕ್ಕಿಯ ವಗ್ಗಾಣಿ, ಮಿರ್ಚಿ ಮಾಡಿಸಿದಳು. ತಿಂದಾದ ಮೇಲೆ ನಾನು ವಿಷಯ ತೆಗೆದೆ.

"ಅಕ್ಕಾ, ಸಾವ್ಕಾರ್ರು ನಿನ್ನ ಕರ್ಯಾಕ ಕಳ್ಸ್ಯಾರ. ಮೇಲಿನ ರೂಮಿಗೇ."

ಅವಳ ಸೂಜಿ ನಿಲ್ಲಲಿಲ್ಲ. "ಸಾವ್ಕಾರ್ರು ಕಳ್ಸಿದ್ದಕ್ಕ ಬಂದ್ಯಾ?"

"ಹೂಂ."

"ಅದಾ ಅಂದೆ. ಇಷ್ಟು ವರ್ಷ ಸಿರುಗುಪ್ಪಕ್ಕ ಬಸ್ಸೇ ಇದ್ದಿಲ್ಲೇನೋ."

ಭಾನುವಾರಗಳಲ್ಲಿ ಕುರುಗೋಡಿನ ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡಿದ್ದೆನೇ ಹೊರತು, ಎದ್ದು ಇಲ್ಲಿಗೆ ಬರಬಹುದು ಎಂದು ನನಗೆ ತೋಚಿರಲೇ ಇಲ್ಲ. ಯಾಕೆ ತೋಚಲಿಲ್ಲ ಎಂದು ಈಗಲೂ ಹೇಳಲಾರೆ. ಒಂಟಿಯಾಗಿ ಇದ್ದು ಇದ್ದು ಅದೂ ಒಂದು ರೂಢಿಯಾಗುತ್ತದೆ.

"ಸಿಟ್ಟಿಲ್ಲವ್ವಾ," ಅಂದಳು ಅವಳೇ. "ಬೋರ್ಡು ಬಿಚ್ಚಿದ ದಿನ ಸಿಟ್ಟಿತ್ತು. ನಿನ್ನ ಮ್ಯಾಲಲ್ಲ. ಈಗ ನನಗ ಇಲ್ಲೇ ಚಲೋ ಐತಿ. ಪಕ್ಕದ ದೇಶನೂರಾಗ ಯಾರದೋ ಮನ್ಯಾಗ ಕೂಸು ಹುಟ್ಟಿದ್ರೂ ನನ್ನ ಕೌದೀನ ಬೇಕಂತಾರ. ಕೌದಿಗೆ ನಂಬರ್ ಇಲ್ಲ, ಹೆಸರಿಲ್ಲ. ಹೊಲೀಬೇಕು, ಕೊಡಬೇಕು, ಮರೀಬೇಕು."

"ಹಂಗಾರ ಬರಾದು ಬ್ಯಾಡ. ಸುಕ್ಕು ಬೀಳೋ ಡಿಸೈನ್ ಯಾವಾವು ಅಂತ ಅಷ್ಟು ಹೇಳು."

ಅವಳು ಕಣ್ಣು ಮುಚ್ಚಿ ಬೋರ್ಡಿನ ಸಾಲುಗಳನ್ನು ಬೆರಳಿನಲ್ಲಿ ಎಣಿಸುತ್ತ ಹೋದಳು. ಆಮೇಲೆ ತಲೆ ಅಲ್ಲಾಡಿಸಿದಳು. "ಇಲ್ಲಲೇ ಹಂಪಿ. ಖರೇನ ಮರ್ತೀನಿ. ಗ್ವಾಡಿ ಮುಂದ ನಿಂತ್ರ ನೆನಪಾಗ್ತಿತ್ತು. ಗ್ವಾಡೀನ ಹೋತಲ್ಲ."

ಬರಿಗೈಯಲ್ಲಿ ವಾಪಸು ಬಂದೆ. ಸಾವ್ಕಾರ್ರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂದೊಂದೇ ಫೈಲು ತೆರೆದು ನೋಡುತ್ತ, ತುಂಡು ಬಟ್ಟೆಯ ಮೇಲೆ ಮತ್ತೆ ಹೊಲಿಸಿ ನೋಡುತ್ತ ಆ ಸೀಸನ್ನು ದಾಟಿಸಿದೆವು. ಮುಂದೆ ಬೇರೆ ಯಾರೋ, ಇನ್ನೊಬ್ಬ ಪುಣ್ಯಾತ್ಮ, ಹೊಸ ಕಂಪ್ಯೂಟರಿಗೆ ಒಗ್ಗುವ ಅಂಥದೇ ಸಾಫ್ಟ್‌ವೇರ್ ಮಾಡಿ ಪುಕ್ಕಟೆ ಬಿಟ್ಟ. ಹಾಕಿಕೊಂಡೆ. ಬಿಳಿ ಹಾಳೆಗಳು ಮತ್ತೆ ಚಿತ್ರಗಳಾದವು, ಮೊದಲಿಗಿಂತ ಬೇಗ, ಮೊದಲಿಗಿಂತ ಚೆನ್ನಾಗಿ. ನಾನು ಕೆಳಗೆ ಎಳೆಯುತ್ತ ಹೋದೆ. ಮೀನು ಬಂತು. ಹಿಂದಕ್ಕೆ ತಿರುಗಿ ನೋಡಿಬಿಟ್ಟೆ. ನನ್ನ ಕುರ್ಚಿಗೂ ಗೋಡೆಗೂ ನಡುವೆ ಏನಿದ್ದೀತು!

ಅಲ್ಲಿಂದ ಮುಂದೂ ಬಹಳ ವರ್ಷ ಅದೇ ಕೋಣೆಯಲ್ಲಿ ದುಡಿದೆ. ಸ್ಕ್ರೀನಿನ ಮೇಲಿನ ಗೆರೆ ಎರಡೆರಡಾಗಿ ಕಾಣತೊಡಗಿದ ಮೇಲೆ ಬಿಟ್ಟೆ. ಶಾಲು ಹೊದಿಸಿದರು, ಫೋಟೋ ತೆಗೆದರು.

ಕೆಲಸ ಬಿಟ್ಟ ವಾರದಲ್ಲೇ ಒಂದು ದಿನ ಬಳ್ಳಾರಿಗೆ ಬಂದು ಬಸ್ಸು ಬದಲಿಸಿ ಸಿರುಗುಪ್ಪಕ್ಕೆ ಹೋದೆ. ಈ ಸಲ ಯಾರೂ ಕಳಿಸಿರಲಿಲ್ಲ. ರಾಜಾಬಿ ಪಡಸಾಲೆಯಲ್ಲೇ ಇದ್ದಳು, ಮುದುಕಿಯಾಗಿದ್ದಳು. ದನಿ ಕೇಳಿ ಗುರುತು ಹಿಡಿದಳು. ಪಕ್ಕದ ಹಳ್ಳಿ ಕರೂರಿನ ಯಾರೋ ಕೊಟ್ಟ ಕೌದಿ ಅರ್ಧ ಹೊಲಿದು ಮಡಿಲಲ್ಲಿತ್ತು.

"ಬಾ ಇಲ್ಲಿ. ಇದಕ್ಕ ದಾರ ಹಾಕು ಮೊದಲು. ಮುಂಜಾನಿಂದ ಒದ್ದಾಡಾಕತ್ತೀನಿ, ಕಣ್ಣಿಗೆ ತೂತೇ ಕಾಣವಲ್ದು."

ಸೂಜಿ ತೆಗೆದುಕೊಂಡು ಬೆಳಕಿಗೆ ಹಿಡಿದೆ. ದಾರದ ತುದಿ ಬಾಯಲ್ಲಿ ಒದ್ದೆ ಮಾಡಿದೆ. ತೂತಿನ ಪಕ್ಕ ಹೋಯಿತು. ಮತ್ತೆ ಹಿಡಿದೆ, ಮತ್ತೆ ಪಕ್ಕ ಹೋಯಿತು. ನನಗೂ ಎರಡು ತೂತು ಕಾಣುತ್ತಿದ್ದವು.

"ಹಾಕಿದ್ಯಾ?"

"ಇಲ್ಲಕ್ಕಾ. ನನಗೂ ಕಾಣವಲ್ದು."

ಅವಳು ನನ್ನ ಮುಖದ ಹತ್ತಿರ ಮುಖ ತಂದು ನೋಡಿದಳು. ಆಮೇಲೆ ನಗತೊಡಗಿದಳು. ಮೈ ಕುಲುಕಿಸಿ, ಕೆಮ್ಮು ಬರುವ ತನಕ ನಕ್ಕಳು. ನನಗೂ ತಡೆಯಲಾಗಲಿಲ್ಲ. ಒಳಗಿನಿಂದ ಅವಳ ತಂಗಿ, "ಏನಾತ್ರಬೇ ನಿಮಗ?" ಅಂತ ಕೂಗಿದಳು.

"ಬಿಡು," ಅಂದಳು ರಾಜಾಬಿ, ಸೂಜಿಯನ್ನು ಕೌದಿಗೆ ಚುಚ್ಚಿಟ್ಟು. "ನಾಳಿ ಯಾರನ್ನರ ಹಿಡ್ದು ಹಾಕ್ಸೋಣಂತ. ಊಟ ಮಾಡೇಳು."

ಬಳ್ಳಾರಿಯ ಕೊನೆಯ ಬಸ್ಸಿನ ಹೊತ್ತು ಆಗುತ್ತ ಬಂದಿತ್ತು. ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ.